ಹಿನ್ರಿಕ್‌ನ ಹವಳಕ್ಕೆ ನನ್ನ ದೀಪ

ಜನವರಿ ೧೨, ಭಾನುವಾರ

ಬೆಳಿಗ್ಗೆ ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿ ಚಹಾ ಬಗ್ಗಿಸುತ್ತಿದ್ದೆ. ಯಾರೋ ಬಾಗಿಲನ್ನು ಒದ್ದ ಹಾಗೆ ಸದ್ದಾಯಿತು. ತೆಗೆದರೆ ನಮ್ಮ ಗೆಳೆಯ ಹಿನ್ರಿಕ್‌ನ ಮಗಳು ಮೈಕೆ. ಎರಡೂ ಕೈಯಲ್ಲಿ ನೆಲ ಒರೆಸುವ ಬಕೆಟ್ಟು ಹಿಡಿದಿದ್ದಳು, ಅದಕ್ಕೇ ಕಾಲಿನಲ್ಲಿ ತಟ್ಟಿದ್ದಳು.

"ಅತ್ತೆ, ಎಲ್ಲ ಸತ್ತು ಹೋಯ್ತು. ಅಪ್ಪನಿಗೆ ಏನಂತ ಹೇಳ್ಲಿ? ಎಲ್ಲ ಸತ್ತು ಹೋಯ್ತು!"

ಹಿನ್ರಿಕ್ ಹೋದ ವಾರ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದಾನೆ. ಖಾಲಿ ಮನೆಯಲ್ಲಿ ಫ್ಯೂಸು ಹೋಗಿ, ಹವಳ ಸಾಕಿದ ಗಾಜಿನ ತೊಟ್ಟಿಯ ಹೀಟರು, ಪಂಪು ನಿಂತಿವೆ, ಯಾರಿಗೂ ಗೊತ್ತಾಗಿಲ್ಲ. ಅಪ್ಪನ ಬಟ್ಟೆ ತರಲು ಹೋದ ಮೈಕೆಗೆ ಬಾಗಿಲು ತೆಗೆದ ಕೂಡಲೇ ನಾತ ಬಡಿಯಿತಂತೆ. ತೊಟ್ಟಿಯ ನೀರು ಮಂಜಿನಂತೆ ಕೊರೆಯುತ್ತಿತ್ತು. ಮೀನು ಹೋದವು, ಹವಳ ಹೋದವು. ಒಂದೇ ಒಂದು ಹವಳ ಜೀವ ಹಿಡಿದುಕೊಂಡಿತ್ತು. ಅದೂ ಯಾವುದು? ಥೇಡಾಳದು!

ಥೇಡಾ ಹಿನ್ರಿಕ್‌ನ ಹೆಂಡತಿ. ಪುಣ್ಯಾತ್ಗಿತ್ತಿ ತೀರಿಕೊಂಡು ವರ್ಷಗಳಾದವು. ಬೆರಳುದ್ದದ ತುಂಡು ತಂದು, ಸಾಕಿ, ಎಲೆಕೋಸಿನಷ್ಟು ಮಾಡಿದ್ದಳು. ಹಸಿರು ಕೊಂಬೆ, ತುದಿಗೆ ನೇರಳೆ. ನಮ್ಮ ಹವಳದವರ ಸಂಘದಲ್ಲಿ ಯಾರ ಹವಳ ಚೆನ್ನಾಗಿ ಬಂದರೂ ಒಂದು ಕುಡಿ ಮುರಿದು ಇನ್ನೊಬ್ಬರಿಗೆ ಕೊಡುವುದು ಪದ್ಧತಿ. ಒಂದು ಮನೆಯಲ್ಲಿ ಸತ್ತರೂ ಇನ್ನೊಂದು ಮನೆಯಲ್ಲಿ ಇರುತ್ತದೆ. ಹಿನ್ರಿಕ್ ಮಾತ್ರ ಥೇಡಾಳ ಹವಳದಿಂದ ಯಾರಿಗೂ ಒಂದು ಕಡ್ಡಿ ಕೊಟ್ಟವನಲ್ಲ. ಹೀಗಾಗಿ ಈ ಬಕೆಟ್ಟಿನಲ್ಲಿ ಇದ್ದದ್ದೇ ಎಲ್ಲ.

ನಮ್ಮ ಎಮ್ಡೆನ್ ಊರಿನಲ್ಲಿ ಅಷ್ಟು ಜನ ಹವಳ ಸಾಕುವವರಿದ್ದರೂ ಮೈಕೆ ನಮ್ಮ ಮನೆಗೇ ಓಡಿ ಬಂದದ್ದಕ್ಕೆ ಕಾರಣವಿದೆ. ನಮ್ಮ ಹೊಸ ತೊಟ್ಟಿಯಲ್ಲಿ ಚಳಿಗಾಲಕ್ಕೆ ಮುಂಚಿನಿಂದಲೂ ಉಪ್ಪುನೀರು, ಕಲ್ಲು ಹದವಾಗಿ ಕೂತಿವೆ. ಹವಳ ಇಟ್ಟಿರಲಿಲ್ಲ, ಏಕೆಂದರೆ ದೀಪ ಎಲ್ಲಿ, ಪಂಪು ಎಲ್ಲಿ ಎಂಬ ಜಗಳ ನನಗೂ ನನ್ನ ಗಂಡ ಎನ್ನೊನಿಗೂ ಹರಿದಿರಲಿಲ್ಲ. ಅವನು ಬಂದರಿನಲ್ಲಿ ಹೂಳೆತ್ತುವ ಹಡಗಿನ ಪಂಪು ನೋಡಿಕೊಂಡವನು. ನಾನು ನಾಟಕಶಾಲೆಯಲ್ಲಿ ಜೀವಮಾನವೆಲ್ಲ ಬೆಳಕು ಬಿಟ್ಟವಳು. ಇವತ್ತು ಬಕೆಟ್ಟು ನೋಡಿದ ಮೇಲೆ ಜಗಳ ತಾನಾಗಿಯೇ ಮುಗಿಯಿತು.

"ನೀರು ನಂದು, ಬೆಳಕು ನಿಂದು. ಒಬ್ಬರದರಲ್ಲಿ ಇನ್ನೊಬ್ಬರು ಮೂಗು ತೂರಿಸೋದು ಬೇಡ" ಎಂದ ಎನ್ನೊ.

ಆಗಲಿ ಎಂದೆ.

ಜನವರಿ ೧೪, ಮಂಗಳವಾರ

ಎನ್ನೊ ಬೆಳಗಿನಿಂದ ತೊಟ್ಟಿಗೆ ಮೂಗು ಒತ್ತಿಕೊಂಡು ಕೂತಿದ್ದಾನೆ. ಮೀನಿನ ಆಹಾರವನ್ನು ಪುಡಿ ಮಾಡಿ ಒಂದು ಚಿಟಿಕೆ ಉದುರಿಸುತ್ತಾನೆ, ಪುಡಿ ಎತ್ತ ಹೋಗುತ್ತದೆಂದು ನೋಡುತ್ತಾನೆ. ಎಡಗಡೆಯ ಕಲ್ಲಿನ ಹಿಂದೆ ಪುಡಿ ನಿಂತುಬಿಡುತ್ತದೆ. "ಇಲ್ಲಿ ನೀರು ಸತ್ತಿದೆ" ಎನ್ನುತ್ತಾನೆ, ಪಂಪು ಒಂದಂಗುಲ ತಿರುಗಿಸುತ್ತಾನೆ, ಮತ್ತೆ ಚಿಟಿಕೆ. ಎರಡು ಪಂಪುಗಳನ್ನು ಎದುರುಬದುರು ಇಟ್ಟು, ಹೊರಟ ನೀರು ನಡುವೆ ಡಿಕ್ಕಿ ಹೊಡೆದು ಚೆಲ್ಲಾಪಿಲ್ಲಿಯಾಗುವಂತೆ ಮಾಡಿದ್ದಾನೆ. ಹವಳಕ್ಕೆ ನೇರ ಹೊಡೆತ ಬೀಳಬಾರದು, ಬಳುಕಾಡಿಸುವ ನೀರು ಬೇಕು. ಅದು ಅವನಿಗೆ ಗೊತ್ತು, ಒಪ್ಪಿದೆ. ಆದರೆ ಒಂದು ಪಂಪನ್ನು ತಂದು ಹವಳದ ಮೇಲುಗಡೆಯೇ ಓರೆಯಾಗಿ ಅಂಟಿಸಿದ್ದಾನೆ, ನನ್ನ ಬೆಳಕಿಗೆ ಅಡ್ಡ. ತೆಗೆ ಎಂದರೆ "ಮೂಗು!" ಎಂದು ನೆನಪಿಸಿದ.

ನನ್ನ ದೀಪಗಳು ಎರಡು, ತೊಟ್ಟಿಯ ಮೇಲೆ. ಒಂದು ಮುಂದಿನಿಂದ, ಒಂದು ಹಿಂದಿನಿಂದ, ನೆರಳು ನೆರಳನ್ನು ತಿನ್ನುವಂತೆ. ವೇದಿಕೆಯ ಮೇಲೆ ಹಾಡುವವಳೊಬ್ಬಳನ್ನು ನಿಲ್ಲಿಸಿದರೆ ಹೇಗೆ ಬೆಳಗುತ್ತೇವೋ ಹಾಗೆಯೇ. ಡಬ್ಬಿಯ ಮೇಲೆ ಏನೋ ಬರೆದಿದ್ದಾರೆ: ಮೊದಲು ಕಡಿಮೆಯಿಂದ ಶುರು ಮಾಡಿ, ವಾರಕ್ಕಿಷ್ಟು ಏರಿಸಿ, ಮೀಟರಿನಲ್ಲಿ ಅಳೆಯಿರಿ ಎಂದು. ಕಣ್ಣಿಲ್ಲದವರಿಗೆ ಬರೆದ ಮಾತು. ನಾನು ಎಂದಾದರೂ ಮೀಟರು ಹಿಡಿದಿದ್ದೇನೆಯೇ? ದೊಡ್ಡ ದೊಡ್ಡ ನಿರ್ದೇಶಕರು ನನ್ನ ಹೆಗಲ ಹಿಂದೆ ನಿಂತು "ಗೇಸಾ, ನಿನ್ನ ಕಣ್ಣು ಹೇಳಿದ ಹಾಗೆ" ಎನ್ನುತ್ತಿದ್ದರು.

ಜನವರಿ ೧೮, ಶನಿವಾರ

ದೀಪದ ಅಂಗಡಿಯವನು ಮೋಸ ಮಾಡಿದ್ದಾನೆ. ಹವಳಕ್ಕೆ ಬೇಕಾದ ನೀಲಿ ಬೆಳಕನ್ನು ಅರ್ಧಕ್ಕಿಟ್ಟರೆ ತೊಟ್ಟಿ ಆರಿದ ಚಹಾದ ಬಣ್ಣಕ್ಕಿದೆ. ಥೇಡಾಳ ಹವಳದ ನೇರಳೆ ತುದಿ ಕಾಣಿಸುವುದೇ ಇಲ್ಲ, ಮಣ್ಣುಮಣ್ಣು. ನೀಲಿ ಏರಿಸಿದೆ. ಇನ್ನೂ ಏರಿಸಿದೆ.

"ಸಾಕು ಮಾರಾಯ್ತಿ, ಮನೆ ಮುಂದೆ ಪೊಲೀಸ್ ಗಾಡಿ ನಿಂತ ಹಾಗಿದೆ" ಎಂದ ಎನ್ನೊ.

"ನೇರಳೆ ಕಾಣ್ತಿದೆಯಾ ನಿನಗೆ?"

"ಕಾಣ್ತಿದೆ. ಮೊದಲ ದಿನದಿಂದಲೂ ಕಾಣ್ತಿದೆ."

ಇವನಿಗೆ ಬಣ್ಣದ ವಿಷಯ ಏನು ಗೊತ್ತು? ನಮ್ಮ ಮದುವೆಗೆ ಕಂದು ಕೋಟು, ಹಸಿರು ಟೈ ಕಟ್ಟಿಕೊಂಡು ಬಂದವನು.

ಜನವರಿ ೨೭, ಸೋಮವಾರ

ಇವತ್ತು ಮೂರು ಜನರ ಮೇಲೆ ಸಿಟ್ಟು.

ಒಂದು: ಎನ್ನೊ. ಅಮ್ಮ ಕೊಟ್ಟ ನೀಲಿ ಮೇಜುವಸ್ತ್ರವನ್ನು ಒಗೆದು ಬೂದಿ ಬಣ್ಣ ಮಾಡಿಟ್ಟಿದ್ದಾನೆ. "ಒಗೆದೇ ಇಲ್ಲ ಕಣೇ ಅದನ್ನ" ಎಂದು ವಾದ ಬೇರೆ. ಎರಡು: ನಗರಸಭೆ. ಬೀದಿಗೆ ಅಗ್ಗದ ದೀಪ ಹಾಕಿದ್ದಾರೆ, ಪ್ರತಿ ದೀಪದ ಸುತ್ತ ಕೂದಲು ಬಂದ ಹಾಗೆ ಮಬ್ಬು. ಕತ್ತಲಾದ ಮೇಲೆ ಸೈಕಲ್ ಹತ್ತುವುದನ್ನೇ ಬಿಟ್ಟಿದ್ದೇನೆ. ಮೂರು: ಕಾಲುವೆಯಾಚೆಯ ಫೋಲ್ಕರ್ಟ್ಸಮ್ಮ. ನಮ್ಮ ತೊಟ್ಟಿಯ ಬೆಳಕಿನಿಂದ ಅವಳ ಮಲಗುವ ಕೋಣೆಯ ಸೂರು ನೀಲಿಯಾಗಿದೆಯಂತೆ! ನೀರು ದಾಟಿ, ಪರದೆ ದಾಟಿ, ಸೂರು ನೀಲಿ! ಹೊಟ್ಟೆಕಿಚ್ಚಿಗೆ ಮದ್ದಿಲ್ಲ.

ಹಿನ್ರಿಕ್ ಆಸ್ಪತ್ರೆಯಿಂದ ಫೋನು ಮಾಡಿದ್ದ. ಸತ್ತ ಮೀನು, ಹವಳಗಳ ವಿಷಯಕ್ಕೆ ಒಂದು ಮಾತಿಲ್ಲ. "ಥೇಡಾದು ಹೇಗಿದೆ?" ಎಂದ. "ರಾಣಿಯ ಹಾಗೆ ಕೂತಿದೆ" ಎಂದೆ. ಆಮೇಲೆ "ನಿನ್ನ ಕೈಲಿದೆ ಅಂದ್ರೆ ನಂಗೆ ನಿದ್ದೆ ಬರುತ್ತೆ ಗೇಸಾ" ಎಂದ.

ಫೆಬ್ರವರಿ ೬, ಗುರುವಾರ

ಬಿಳಿ.

ಹವಳ ಬಿಳಿಯಾಗಿದೆ. ಮೇಲಿನ ಕೊಂಬೆಗಳೆಲ್ಲ ಸುಣ್ಣ, ಸಾಯುತ್ತಿವೆ. ನಿನ್ನೆ ಸ್ವಲ್ಪ ಪೇಲವ ಅನಿಸಿತ್ತು, ಹೊಸ ಜಾಗ, ಹೊಂದಿಕೊಳ್ಳುತ್ತದೆ ಅಂದುಕೊಂಡಿದ್ದೆ. ಇವತ್ತು ಎನ್ನೊ ಕೂಗಿದ ಕೂಗಿಗೆ ಕೈಯಲ್ಲಿದ್ದ ಬಟ್ಟಲು ಬಿತ್ತು.

ಆಮೇಲೆ ಬರೆಯುತ್ತೇನೆ.

ಫೆಬ್ರವರಿ ೭, ಶುಕ್ರವಾರ

ನಂಬಲಾಗುತ್ತಿಲ್ಲ. ಎಷ್ಟು ಸಲ ನೋಡಿದರೂ ಬಿಳಿಯೇ. ಎನ್ನೊನ ಪಂಪಿನ ಅಡಿಯಲ್ಲಿ ಮಾತ್ರ, ಅದರ ನೆರಳು ಬೀಳುವ ಕಡೆ, ಹೆಬ್ಬೆಟ್ಟಿನಷ್ಟು ಜಾಗ ಕಂದುಹಸಿರಾಗಿ ಉಳಿದಿದೆ.

"ನಿನ್ನ ಪಂಪು! ಹಗಲೂ ರಾತ್ರಿ ಅದರ ಮೈಮೇಲೆ ನೀರು ಹೊಡೀತು. ನಾನು ತೆಗಿ ಅಂದಾಗ ತೆಗೆದೆಯಾ?" ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಹಡಗಿನ ಕೆಸರು ಎತ್ತಿದವನಿಗೆ ಹವಳದ ನಾಜೂಕು ಏನು ಗೊತ್ತು ಎಂದೂ ಅಂದೆ.

ಎನ್ನೊ ದೀಪದ ಕಡೆ ನೋಡಿದ, ನನ್ನ ಕಡೆ ನೋಡಿದ. "ಬಿಳುಪು ಮೇಲಿಂದ ಇಳಿದಿದೆ ಗೇಸಾ" ಎಂದಷ್ಟೇ ಹೇಳಿದ.

ಯಾವಾಗಲೂ ಹೀಗೇ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾನೆ. ಹೇಳುವುದಿದ್ದರೆ ನೆಟ್ಟಗೆ ಹೇಳಬೇಕು.

ಫೆಬ್ರವರಿ ೮, ಶನಿವಾರ

ನೆಟ್ಟಗೇ ಹೇಳಿದ. ಸಂಘದಿಂದ ಬೆಳಕು ಅಳೆಯುವ ಮೀಟರು ತಂದಿದ್ದ. ಕೋಲಿನ ತುದಿಗೆ ಕಟ್ಟಿ ಹವಳದ ಪಕ್ಕಕ್ಕೆ ಇಳಿಸಿದ. ಬೇಕಾದ್ದಕ್ಕಿಂತ ಮೂರು ಪಟ್ಟು.

"ಮೀಟರು ಕೆಟ್ಟಿದೆ" ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಇಷ್ಟು ವರ್ಷದಲ್ಲಿ ನನ್ನ ಕೆಲಸದ ಮೇಲೆ ಅವನು ಆಡಿದ ಮೊದಲ ಕಟುಮಾತು. ಮೀಟರನ್ನು ಕಸದ ಬುಟ್ಟಿಗೆ ಎಸೆಯುತ್ತೇನೆ ಎಂದೆ. ಕೈಯಿಂದ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡ. ಊಟ ಮಾಡಲಿಲ್ಲ, ಅವನೂ ಮಾಡಲಿಲ್ಲ.

ಫೆಬ್ರವರಿ ೯, ಭಾನುವಾರ

ಇನ್ನೊಬ್ಬರ ಮನೆಯಿಂದ ಇನ್ನೊಂದು ಮೀಟರು ತರಿಸಿದೆ. ನಾನೇ ನೀರಿಗಿಳಿಸಿದೆ. ಅದೂ ಅಷ್ಟೇ ತೋರಿಸಿತು.

ಎನ್ನೊ ನೀಲಿಯನ್ನು ಇಳಿಸಿದ. ತೊಟ್ಟಿ ನನಗೆ ಸಾಯಂಕಾಲದ ಅಡುಗೆಮನೆಯ ಹಾಗೆ ಕಾಣುತ್ತಿದೆ, ಮಂಕು. "ಇದು ಸರೀನಾ? ಇದರಲ್ಲಿ ಏನು ಬದುಕುತ್ತೆ?" ಎಂದೆ. "ಚೆನ್ನಾಗಿ ನೀಲಿಯಾಗೇ ಇದೆ" ಎಂದ. ಅವನು ಸುಳ್ಳು ಹೇಳುವವನಲ್ಲ. ಹಾಗಾದರೆ ಏನಿದು? ಏನಿದು?

ಫೆಬ್ರವರಿ ೧೭, ಸೋಮವಾರ

ಬೆಳಿಗ್ಗೆ ಕಿಟಕಿಯ ಬಳಿ ಬಿಸಿಲಿತ್ತು. ಎನ್ನೊ ಎರಡು ಕಾಲುಚೀಲ ಹಿಡಿದುಕೊಂಡು ಬಂದ.

"ಇವು ಜೋಡೀನಾ ನೋಡು."

"ಹೂಂ. ಕಪ್ಪು. ಯಾಕೆ?"

ಅವನು ಅವುಗಳನ್ನು ಮಡಚಿ ಜೇಬಿಗಿಟ್ಟುಕೊಂಡ. ಪಕ್ಕದ ಕೋಣೆಗೆ ಹೋಗಿ ಯಾರಿಗೋ ಫೋನು ಮಾಡಿದ. ವಾಪಸ್ಸು ಬಂದು, ಮುಂದಿನ ತಿಂಗಳು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು ಎಂದ. ಯಾರು ಎಂದೆ. ನೀನು ಎಂದ.

ಮಾರ್ಚ್ ೪, ಮಂಗಳವಾರ

ಎರಡೂ ಕಣ್ಣಿಗೆ ಪೊರೆ. ಹಳದಿಗಟ್ಟಿದ ಗಟ್ಟಿ ಪೊರೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮೆತ್ತಗೆ ಹೇಳಿದಳು. "ನೀಲಿ ನಿಮಗೆ ಸರಿಯಾಗಿ ಕಾಣದೇ ವರ್ಷಗಳೇ ಆಗಿರಬೇಕು. ನಿಧಾನಕ್ಕೆ ಬರುತ್ತೆ, ಗೊತ್ತಾಗಲ್ಲ. ಮನೇಲಿ ಯಾರೂ ಹೇಳಲಿಲ್ವಾ?"

"ಹೇಳಿದರು, ನಾನು ಕೇಳಲಿಲ್ಲ" ಎಂದೆ. ಎನ್ನೊ ಪಕ್ಕದಲ್ಲಿ ಕೂತು ಟೋಪಿ ತಿರುಗಿಸುತ್ತಿದ್ದ. ಆವತ್ತಿನ ಕಾಲುಚೀಲಗಳಲ್ಲಿ ಒಂದು ಕಡುನೀಲಿಯಂತೆ.

ವರ್ಷಗಳು! ಕೊನೆಯ ನಾಟಕಗಳಿಗೆ ನಾನು ಬಿಟ್ಟ ಬೆಳದಿಂಗಳು ಯಾವ ಬಣ್ಣದ್ದಿತ್ತು? ಒಬ್ಬ ಹುಡುಗ ನಿರ್ದೇಶಕ "ಚಂದ್ರ ಸ್ವಲ್ಪ ಜಾಸ್ತಿ ಆಯ್ತೇನೋ" ಅಂದಿದ್ದ. ಅವನಿಗೆ ಎಲ್ಲರ ಮುಂದೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಟ್ಟಿದ್ದೆ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರೆ. ಅದನ್ನು ಕೇಳಿ ನಗುತ್ತಿದ್ದವಳು ನಾನು.

ಬಸ್ಸಿನಲ್ಲಿ ಬರುವಾಗ ಪಂಪಿನ ನೆರಳು ನೆನಪಾಯಿತು. ಆ ಹೆಬ್ಬೆಟ್ಟಿನಷ್ಟು ಜಾಗ. ಪಂಪು ಅದನ್ನು ಕೊಂದಿರಲಿಲ್ಲ, ಅದನ್ನು ನನ್ನಿಂದ ಮರೆಮಾಡಿತ್ತು. ಇಡೀ ದಾರಿ ಎನ್ನೊನ ಮುಖ ನೋಡಲು ಧೈರ್ಯ ಬರಲಿಲ್ಲ.

ಮಾರ್ಚ್ ೨೦, ಗುರುವಾರ

ಸಂಘದಿಂದ ಎನ್ನೊ ಜೋಲು ಮುಖ ಹಾಕಿಕೊಂಡು ಬಂದ. ಈ ನಡುವೆ ಪ್ರತಿ ಗುರುವಾರ ಹೀಗೆಯೇ. ಏನಾಯಿತು ಎಂದರೆ "ಏನಿಲ್ಲ, ಬಿಯರು ತಣ್ಣಗಿರಲಿಲ್ಲ" ಎನ್ನುತ್ತಾನೆ. ನಾನು ಹೋಗುತ್ತಿಲ್ಲ, ಯಾವ ಮುಖ ಹೊತ್ತು ಹೋಗಲಿ? ಹಿನ್ರಿಕ್‌ಗೆ ವಿಷಯ ತಿಳಿಸಿದೆಯಾ ಎಂದು ಕೇಳಿದೆ. "ಹೇಳಿದ್ದೀನಿ, ಬಿಡು" ಎಂದ. ಏನಂದ ಎಂದೆ. "ಬೈದ. ಬೈಯದೇ ಇರ್ತಾನಾ?"

ಹಾಗಾದರೆ ನನಗೇಕೆ ಹಿನ್ರಿಕ್ ಫೋನು ಮಾಡುತ್ತಿಲ್ಲ? ಅಷ್ಟು ಅಸಹ್ಯವಾಗಿರಬೇಕು ಅವನಿಗೆ ನಾನು.

ಮೇಲಿನ ಕೊಂಬೆಗಳು ಸತ್ತು ಪಾಚಿ ಹಿಡಿದಿವೆ. ಹೆಬ್ಬೆಟ್ಟು ಹಾಗೆಯೇ ಇದೆ. ಎನ್ನೊ ದಿನಾ ಬೆಳಿಗ್ಗೆ ಅದನ್ನು ನೋಡಿ "ಇದೆ" ಎನ್ನುತ್ತಾನೆ. ಆಮೇಲೆ ನಾನು ಚಹಾ ಕುಡಿಯುತ್ತೇನೆ.

ಏಪ್ರಿಲ್ ೧೧, ಶುಕ್ರವಾರ

ಮಂಗಳವಾರ ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣು ಮುಂದಿನ ತಿಂಗಳು. ಕಣ್ಣಿನ ಮೇಲಿನ ಬಟ್ಟೆ ತೆಗೆದ ದಿನ ಆಕಾಶ ನೋಡಿ ಬೀದಿಯಲ್ಲೇ ನಿಂತುಬಿಟ್ಟೆ. ಎನ್ನೊನ ಕಣ್ಣು ನೀಲಿ ಎಂಬುದೇ ನನಗೆ ಮರೆತುಹೋಗಿತ್ತು!

ಸಂತೋಷದ ಮಾತು ಇಷ್ಟಕ್ಕೇ ಸಾಕು. ಇವತ್ತು ಎನ್ನೊನಿಗೆ ಹೇಳಿದೆ: "ಆವತ್ತು ನಾನು ದೀಪ ಹೇಗಿಟ್ಟಿದ್ದೆನೋ ಹಾಗೆ ಇಡು. ನೋಡಬೇಕು."

"ಬೇಡ ಗೇಸಾ. ಆಗಿದ್ದು ಆಗಿ ಹೋಯ್ತು."

"ಇಡು."

ಉಳಿದ ಚೂರಿನ ಮೇಲೆ ಕರಿ ಬಟ್ಟೆ ಹಾಸಿದ. ನೀಲಿ ಏರಿಸಿದ.

ಅಯ್ಯೋ ದೇವರೇ.

ಕಣ್ಣಿಗೆ ಚುಚ್ಚುವ ನೀಲಿ. ಗೋಡೆ, ಕುರ್ಚಿ, ಎನ್ನೊನ ಹಲ್ಲು, ನನ್ನ ಕೈ, ಎಲ್ಲ ನೀಲಿ. ಕಿಟಕಿಯಾಚೆ ಕಾಲುವೆಯ ನೀರು ಕೂಡ ನೀಲಿ. ಈ ಬೆಂಕಿಯ ಕೆಳಗೆ ನಾನು ಆ ಜೀವವನ್ನು ಕೂರಿಸಿ, ಸಾಲದು ಸಾಲದು ಎಂದು ಏರಿಸಿದೆನಲ್ಲ! ಎಡಗಣ್ಣಿನಲ್ಲಿ ನೋಡಿದರೆ ಈಗಲೂ ಮಂದ ಬೆಳಕು, ಹಿತವಾಗಿದೆ. ಬಲಗಣ್ಣು ತೆರೆದರೆ ಸುಡುಗಾಡು. ಆರಿಸು ಆರಿಸು ಎಂದು ಕೂಗಿಕೊಂಡೆ.

ಏಪ್ರಿಲ್ ೨೬, ಶನಿವಾರ

ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ಹಿನ್ರಿಕ್ ಬಂದಿದ್ದ. ಮೈಕೆ ಕಾರಿನಲ್ಲಿ ಬಾಗಿಲವರೆಗೆ ಬಿಟ್ಟು ಹೋದಳು. ಕೋಲು ಊರಿಕೊಂಡು ಒಳಗೆ ಕಾಲಿಟ್ಟ, ಕೋಟು ಕೂಡ ತೆಗೆಯದೆ ಎನ್ನೊನ ಮೇಲೆ ಹರಿಹಾಯ್ದ.

"ಬಾರಯ್ಯಾ ಪಂಪು ಇಂಜಿನಿಯರ್ರು! ಬಂದರಿನ ಕೆಸರು ಎತ್ತಿದ ಕೈ ಅಲ್ವಾ? ಹವಳದ ಎದೆಗೆ ನೇರ ಪಂಪು ಹಿಡಿದೆಯಲ್ಲೋ, ಅದೇನು ಹಡಗಿನ ತಳ ಅಂದ್ಕೊಂಡೆಯಾ?"

ಎನ್ನೊ ತಲೆ ತಗ್ಗಿಸಿ ನಿಂತಿದ್ದ. "ತಪ್ಪಾಯ್ತು ಹಿನ್ರಿಕ್."

"ನಿನ್ನ ತಪ್ಪು ತಗೊಂಡು ಏನು ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ? ಸಂಘದಲ್ಲಿ ಅವರೆಲ್ಲ ಪಂಪು ಹೇಗೆ ಕೂರಿಸೋದು ಅಂತ ನಿನಗೆ ಪಾಠ ಹೇಳಿದ್ರಂತಲ್ಲ, ಈಗಲಾದ್ರೂ ತಲೆಗೆ ಹೋಯ್ತಾ?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಯಿತು. ಪಂಪು! ಇವನು ಹಿನ್ರಿಕ್‌ಗೆ ಪಂಪು ಎಂದು ಹೇಳಿದ್ದಾನೆ. ಸಂಘಕ್ಕೆಲ್ಲ ಪಂಪು ಎಂದು ಹೇಳಿದ್ದಾನೆ. ಗುರುವಾರ ಗುರುವಾರ ಹೋಗಿ, ಎಲ್ಲರಿಂದ ಉಗಿಸಿಕೊಂಡು ಬಂದು, ಬಿಯರು ತಣ್ಣಗಿರಲಿಲ್ಲ ಎಂದು ನನಗೆ ಹೇಳಿದ್ದಾನೆ.

ಎನ್ನೊ ಹಿನ್ರಿಕ್‌ನ ಹಿಂದಿನಿಂದ ನನಗೆ ಕಣ್ಣು ಮಾಡಿದ, ಸುಮ್ಮನಿರು ಎಂದು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಗೇಸಾಳ ಕಣ್ಣು ಗೇಸಾಳ ಕಣ್ಣಾಗಿಯೇ ಉಳಿಯುತ್ತಿತ್ತು.

"ಪಂಪಲ್ಲ ಹಿನ್ರಿಕ್" ಎಂದೆ. "ದೀಪ. ನಾನೇ ಇಟ್ಟಿದ್ದು. ನನಗೆ ನೀಲಿ ಕಾಣ್ತಾ ಇರಲಿಲ್ಲ. ಎನ್ನೊ ಸಾಕು ಅಂದ, ಫೋಲ್ಕರ್ಟ್ಸಮ್ಮ ಬೇಡ ಅಂದ್ಲು, ಡಬ್ಬಿ ಮೇಲೂ ಬರೆದಿತ್ತು. ನಾನು ಯಾರ ಮಾತೂ ಕೇಳಲಿಲ್ಲ. ಥೇಡಾದನ್ನ ಸುಟ್ಟಿದ್ದು ನಾನು."

ಹಿನ್ರಿಕ್ ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೂತ. ಕೋಲನ್ನು ಮೇಜಿಗೆ ಒರಗಿಸಿದ.

"ಗೊತ್ತು" ಎಂದ.

"ಏನು ಗೊತ್ತು?" ಎಂದು ಕೇಳಿದವನು ಎನ್ನೊ. ಅವನ ದನಿ ಕೀರಲಾಗಿತ್ತು.

"ಮೈಕೆ ಇಲ್ಲಿಗೆ ಬಂದಾಗ ಫೋಟೋ ತೆಗೆದು ಆಸ್ಪತ್ರೆಗೆ ಕಳಿಸಿದ್ಲು ಕಣೋ. ಪಂಪಿಂದ ಆದ್ರೆ ಪಕ್ಕ ಕಿತ್ತುಹೋಗಿರುತ್ತೆ. ಇದು ಮೇಲಿಂದ ಬೆಳ್ಳಗಾಗಿದೆ. ಇದು ದೀಪದ್ದು ಅಂತ ಹವಳ ಸಾಕಿದ ಎಳೆ ಮಗುಗೂ ಗೊತ್ತಾಗುತ್ತೆ. ಸಂಘದವರಿಗೆ ಗೊತ್ತಾಗಲ್ವಾ? ಎಲ್ಲರಿಗೂ ಗೊತ್ತು."

"ಗೊತ್ತಿದ್ದೂ ನನ್ನ ಉಗಿದ್ರಾ?!"

"ನೀನೇ ತಲೆ ಕೊಟ್ಟೆ. ಅವಳ ಕಣ್ಣಿನ ವಿಷಯಾನೂ ನೀನೇ ಹೇಳಿದ್ದೆ. ಕಣ್ಣು ಹೋಗ್ತಿರೋ ಹೆಂಗಸಿಗೆ ಏನಂತ ಬೈಲಿ ನಾನು? ಬೈಯದೇ ಇರೋಕೂ ಆಗ್ಲಿಲ್ಲ. ಅದಕ್ಕೇ ನಿನಗೆ ಬೈದೆ. ಉಳಿದವರೂ ಅದಕ್ಕೇ ಬೈದ್ರು."

ಎನ್ನೊನ ಇಷ್ಟು ವಾರದ ನಾಟಕವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು. ನಾಟಕಶಾಲೆಯಲ್ಲಿ ಜೀವ ಸವೆಸಿದವಳು ನಾನು. ಊರಿಗೆ ಊರೇ ನನ್ನ ಸುತ್ತ ಪಾತ್ರ ಕಟ್ಟಿ ಆಡುತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಾಗಲಿಲ್ಲ.

ಹಿನ್ರಿಕ್ ನನ್ನ ಮುಖವನ್ನೇ ನೋಡುತ್ತಿದ್ದ.

"ಈಗ ಕಾಣುತ್ತಾ ನಿನಗೆ?"

"ಬಲಗಣ್ಣು ಚೆನ್ನಾಗಿ ಕಾಣುತ್ತೆ."

"ಡಾಕ್ಟರು ಸರಿಹೋಯ್ತು ಅಂದ್ರಾ?"

"ಅಂದ್ರು."

"ಹಾಗಾದ್ರೆ ಬಾ ಇಲ್ಲಿ" ಎಂದು ಎದ್ದ. ತೊಟ್ಟಿಯ ಮುಂದೆ ಹೋಗಿ ನಿಂತ. ಪಾಚಿ ಹಿಡಿದ ಕೊಂಬೆಗಳನ್ನು ನೋಡಿದ. ಅಲ್ಲಿಯವರೆಗೂ ಅವನು ಆ ಕಡೆ ತಿರುಗಿಯೇ ಇರಲಿಲ್ಲ.

ಆಮೇಲೆ ಬೈಯಲು ಶುರು ಮಾಡಿದ. ಎನ್ನೊನಿಗೆ ಬೈದ ಹಾಗಲ್ಲ. ಅದರಲ್ಲಿ ಒಂದು ತಮಾಷೆಯೂ ಇರಲಿಲ್ಲ.

"ಥೇಡಾ ಕೊನೆ ವಾರ ಹಾಸಿಗೆ ಹಿಡಿದಿದ್ದೋಳು ಎದ್ದು ಬಂದು ಇದಕ್ಕೆ ಊಟ ಹಾಕಿದ್ಲು ಕಣೇ! ಗೋಡೆ ಹಿಡ್ಕೊಂಡು ಬಂದ್ಲು! ನಿನ್ನ ಕೈಲಿ ಕೊಟ್ಟು ನಿದ್ದೆ ಮಾಡಿದ್ನಲ್ಲ ನಾನು! ಕಾಣಲ್ಲ ಅಂದ್ರೆ ಕಾಣಲ್ಲ, ಅದು ನಿನ್ನ ತಪ್ಪಲ್ಲ. ಆದ್ರೆ ಕೇಳೋಕೆ ಏನಾಗಿತ್ತು ನಿನಗೆ? ಪಕ್ಕದಲ್ಲಿ ಗಂಡ ಕೂತಿದ್ದ. ಒಂದು ಸಲ, ಒಂದೇ ಒಂದು ಸಲ, ಇದು ಎಷ್ಟು ನೀಲಿ ಇದೆ ಅಂತ ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಕೋಲು ನೆಲಕ್ಕೆ ಕುಟ್ಟುತ್ತಿದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಎನ್ನೊನಿಗೆ ತಡೆಯಲಾಗಲಿಲ್ಲ. "ಸಾಕು ಹಿನ್ರಿಕ್, ಸಾಕು ಬಿಡೋ, ಅವಳು..." ಎಂದು ನಡುವೆ ಬಂದ.

ನಾನು ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿದೆ.

"ನೀನು ಕೂತ್ಕೋ ಎನ್ನೊ. ಅವನು ಬೈತಿರೋದು ನನಗೆ."